ನೀರು ಒಡೆದ ಮೇಲಿನ ಗಂಟೆಗಳು

ಅಕ್ಕನ ಹೊಟ್ಟೆಯ ಹೊಲಿಗೆಯಿಂದ ಕೆಟ್ಟ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವರು ಭಾವ. ಅವಳ ಜೊತೆ ಒಂದೇ ಕೋಣೆಯಲ್ಲಿ ಮೂರು ದಿನ ಉಸಿರಾಡಿದ ನಾನಲ್ಲ, ಅಮ್ಮನೂ ಅಲ್ಲ. ಹೊರಗಿನಿಂದ ಬಂದು ಹೊಸ್ತಿಲು ದಾಟಿದ ಮನುಷ್ಯ ಎರಡು ಹೆಜ್ಜೆಗೆ ಹೇಳಿದ್ದನ್ನು ನಾವು ಮೂರು ದಿನಕ್ಕೂ ಹೇಳಲಿಲ್ಲ. ಇದಕ್ಕೆ ಅಮ್ಮನ ಬಳಿ ಒಂದು ಕಾರಣವಿತ್ತು. ನನ್ನ ಬಳಿ ಇದ್ದ ಕಾರಣ ಬೇರೆ, ಮತ್ತು ಅದು ಅಮ್ಮನದಕ್ಕಿಂತ ಕೆಟ್ಟದ್ದು. ಅದನ್ನು ಹೇಳಬೇಕಾದರೆ ಅದಕ್ಕೂ ಎಂಟು ದಿನ ಹಿಂದೆ ನಾನು ಗೆದ್ದ ಒಂದು ವಾದದಿಂದ ಶುರುಮಾಡಬೇಕು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಚೀಟಿ ಎತ್ತಿದರೆ ಪರವೋ ವಿರೋಧವೋ ಬರುತ್ತಿತ್ತು. ಯಾವುದು ಬಂದರೂ ಹತ್ತು ನಿಮಿಷದೊಳಗೆ ಅದನ್ನೇ ಹುಟ್ಟಿದಾಗಿನಿಂದ ನಂಬಿಕೊಂಡು ಬಂದವಳ ಹಾಗೆ ಮಾತಾಡಬೇಕು. ಎದುರಾಳಿಯ ಮಾತಿನಲ್ಲಿ ಸಡಿಲವಾದ ಒಂದು ಕಡೆ ಇದ್ದೇ ಇರುತ್ತದೆ, ಅಲ್ಲಿ ಉಗುರು ಹಾಕಿ ಎಳೆಯಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ನಾನು ಚೆನ್ನಾಗಿಯೇ ಕಲಿತೆ. ಕಾನೂನು ಓದಲು ಸೇರಿದ ಮೇಲೆ ಆ ಉಗುರು ಇನ್ನಷ್ಟು ಉದ್ದವಾಯಿತು. ಮನೆಯಲ್ಲಿ ನನ್ನ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅಮ್ಮ ಕುರುಬರಹಳ್ಳಿಯ ನಮ್ಮ ಎರಡು ಕೋಣೆಯ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳಿಗೆ ಉತ್ತರ ಕೊಡಲು ಪುರುಸೊತ್ತಿರುವುದಿಲ್ಲ. ಅಕ್ಕ ಮಾತ್ರ ನಗುತ್ತಿದ್ದಳು. "ಇವಳ ಹತ್ರ ಟೈಮ್ ಎಷ್ಟು ಅಂತ ಕೇಳ್ಬೇಡಿ, ಟೈಮ್ ಅಂದ್ರೇನು ಅಂತ ಶುರು ಮಾಡ್ತಾಳೆ."

ಅಕ್ಕನ ಗಂಡ ವಿಜಯಪುರದ ಕಡೆಯವರು, ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಕೆಲಸ, ಲಗ್ಗೆರೆಯಲ್ಲಿ ಬಾಡಿಗೆ ಮನೆ. ಚೊಚ್ಚಲ ಹೆರಿಗೆಗೆ ಅಕ್ಕ ಏಳನೇ ತಿಂಗಳಲ್ಲೇ ನಮ್ಮ ಮನೆಗೆ ಬಂದಿದ್ದಳು. ಕಬ್ಬಿಣದ ಮಾತ್ರೆ ತಿಂದರೆ ಹೊಟ್ಟೆ ಕಟ್ಟುತ್ತದೆಂದು ದಿನ ಬಿಟ್ಟು ದಿನ ನುಂಗುತ್ತಿದ್ದಳು. ರಕ್ತ ಕಡಿಮೆ ಇದೆ ಎಂದು ಪ್ರತಿ ಸಲವೂ ಕಾರ್ಡಿನಲ್ಲಿ ಬರೆಯುತ್ತಿದ್ದರು. ಅದೊಂದನ್ನು ಬಿಟ್ಟರೆ ಗಟ್ಟಿಮುಟ್ಟಾಗಿಯೇ ಇದ್ದಳು.

ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳು ಬಚ್ಚಲ ಬಾಗಿಲಲ್ಲಿ ನಿಂತು, "ಅಮ್ಮಾ, ನೀರ್ ಹೋಯ್ತು," ಎಂದಳು. ಕಾಲ ಬುಡದಲ್ಲಿ ನೆಲ ಒದ್ದೆಯಾಗಿತ್ತು. ಅಮ್ಮ ನೆಲ ನೋಡಿದಳು, ಗಡಿಯಾರ ನೋಡಿದಳು, ಒಲೆಯ ಮೇಲೆ ನೀರಿಟ್ಟಳು.

"ತಲೆಗೆ ನೀರ್ ಹಾಕ್ಕೊಂಡ್ ಹೋಗು. ಆಮೇಲೆ ಯಾವತ್ತಿಗೋ ಏನೋ."

"ಅಮ್ಮಾ, ಮದ್ವೆಗೆ ಹೊರಟಿಲ್ಲ ಅವ್ಳು!" ಎಂದೆ ನಾನು.

ಆ ವಾದದಲ್ಲಿ ನಾನು ಸೋತೆ. ತಲೆಸ್ನಾನ ಆಯಿತು, ಕೂದಲು ಒಣಗಿಸಿ ಜಡೆ ಹಾಕಿದ್ದಾಯಿತು, ದೇವರಿಗೆ ದೀಪವಾಯಿತು, ಎರಡು ಇಡ್ಲಿ ತಿನ್ನಿಸಿದ್ದಾಯಿತು. ನಾವು ಆಟೋ ಹತ್ತಿದಾಗ ಹತ್ತು ಗಂಟೆ. ದಾರಿಯುದ್ದಕ್ಕೂ ಅಮ್ಮನಿಗೆ ಬೈದೆ. ಈಗ ಲೆಕ್ಕ ಹಾಕಿದರೆ ಎರಡೂವರೆ ಗಂಟೆ ಕಳೆದವಳು ಅಮ್ಮ. ಉಳಿದದ್ದನ್ನೆಲ್ಲ ಕಳೆದವಳು ನಾನು.

ಆಸ್ಪತ್ರೆಯ ಡಾಕ್ಟರು ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ಸದಾ ತಲೆಯ ಮೇಲೆ ಏರಿಸಿಕೊಂಡಿರುವವರು. ನೋವು ಬರಲೆಂದು ಡ್ರಿಪ್ ಹಾಕಿದರು. ಸಂಜೆ ನಾಲ್ಕೂವರೆಗೆ ಒಳಪರೀಕ್ಷೆ ಮಾಡಿ ಹೊರಗೆ ಬಂದರು.

"ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್‌ಗೆ ನಿಂತ್ಬಿಟ್ಟಿದೆ. ಡ್ರಿಪ್ ಹಾಕಿ ಇಷ್ಟು ಹೊತ್ತಾಯ್ತು. ನೀರು ಬೇರೆ ಹೋಗಿದೆ. ಸಿಸೇರಿಯನ್ ಮಾಡಿಬಿಡೋಣ."

ನಾನು ಕಾದಿದ್ದದ್ದೇ ಈ ವಾಕ್ಯಕ್ಕೆ. ಬೆಳಗಿನಿಂದಲೂ ಇದು ಬಂದೇ ಬರುತ್ತದೆ ಎಂದು ತಯಾರಾಗಿ ಕೂತಿದ್ದೆ. ನಮ್ಮ ಬೀದಿಯಲ್ಲಿ ಈಚೆಗೆ ಹೆತ್ತವರೆಲ್ಲ ಹೊಟ್ಟೆ ಕೊಯ್ಸಿಕೊಂಡವರೇ. ಬಾಗಿಲ ಬಳಿ ನಿಂತ ಆಂಟಿಯರೆಲ್ಲ ಇದೇ ಮಾತಾಡುತ್ತಿದ್ದರು. ಅನುಮಾನ ನನ್ನದೊಬ್ಬಳದೇ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಆದರೆ ಎಲ್ಲೋ ನಿಜವಾಗಿರುವ ಒಂದು ಮಾತು ಎದುರಿಗಿರುವ ಈ ಒಬ್ಬಳ ವಿಷಯದಲ್ಲೂ ನಿಜವಿರಲೇಬೇಕು ಎಂದು ವಾದಿಸುವವರನ್ನು ನಾನೇ ಎಷ್ಟು ವೇದಿಕೆಗಳಲ್ಲಿ ನಗೆಪಾಟಲು ಮಾಡಿದ್ದೆನೋ. ಆವತ್ತು ಅದು ನೆನಪಾಗಲಿಲ್ಲ.

"ಮಗು ಹಾರ್ಟ್‌ಬೀಟ್ ಚೆನ್ನಾಗಿದೆ ಅಂತ ನೀವೇ ಹೇಳಿದ್ರಲ್ಲ ಡಾಕ್ಟ್ರೇ?"

"ಹೌದು, ಸದ್ಯಕ್ಕೆ ಚೆನ್ನಾಗಿದೆ."

"ಅಕ್ಕಂಗೆ ಬಿಪಿ ಇಲ್ಲ, ಶುಗರ್ ಇಲ್ಲ."

"ಇಲ್ಲ. ರಕ್ತ ಕಮ್ಮಿ ಇದೆ."

"ಅದು ಮುಂಚಿಂದಾನೂ ಇದೆ. ಹಾಗಿದ್ರೆ ಇವತ್ತೇ, ಈಗ್ಲೇ ಯಾಕೆ? ನಿಮ್ಮ ಡ್ಯೂಟಿ ಮುಗಿಯೋ ಹೊತ್ತು ಅಂತಾನಾ?"

ಪಕ್ಕದಲ್ಲಿದ್ದ ನರ್ಸ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಡಾಕ್ಟರು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು.

"ಏನ್ ಓದ್ತಿದ್ದೀಯಮ್ಮಾ?"

"ಲಾ."

"ಅಂದ್ಕೊಂಡೆ. ನೋಡು, ಮಗುವಿನ ಸುತ್ತ ಇರೋ ನೀರಿನ ಚೀಲ ಒಂದು ಬಾಗಿಲಿದ್ದ ಹಾಗೆ. ಅದು ಒಡೆದ ಮೇಲೆ ಕೆಳಗಿನ ಕ್ರಿಮಿ ಮೇಲೆ ಹತ್ತೋಕೆ ದಾರಿ ಆಗುತ್ತೆ. ಹೊತ್ತು ಹೋದಷ್ಟೂ ಇನ್‌ಫೆಕ್ಷನ್ ಭಯ ಜಾಸ್ತಿ. ಆಮೇಲೆ ಅದರ ಮೇಲೇ ಸಿಸೇರಿಯನ್ ಮಾಡ್ಬೇಕಾಗಿ ಬಂದ್ರೆ ತಾಯಿಗೆ ಇನ್ನೂ ಕಷ್ಟ."

"ಆದ್ರೆ ಖಂಡಿತ ಆಗುತ್ತೆ ಅಂತ ಹೇಳ್ತೀರಾ?"

"ಖಂಡಿತ ಅಂತ ನಾನ್ಯಾಕೆ ಹೇಳ್ಲಿ?"

ಅಲ್ಲೇ ಇತ್ತು ಸಡಿಲವಾದ ಕಡೆ. ನಾನು ಉಗುರು ಹಾಕಿದೆ. ಖಂಡಿತ ಇಲ್ಲದ್ದಕ್ಕೆ ಹೊಟ್ಟೆ ಯಾಕೆ ಕೊಯ್ಯಬೇಕು, ಬೆಳಗಿನವರೆಗೆ ಕಾಯುವುದಕ್ಕೆ ಏನು ಅಡ್ಡಿ ಎಂದು ಹಿಡಿದೆ. ಪ್ರಾಮಾಣಿಕರು ಖಂಡಿತ ಎನ್ನುವುದಿಲ್ಲ ಎಂಬುದೇ ಅವರ ದೌರ್ಬಲ್ಯ. ನನ್ನಂಥವರು ಬದುಕುವುದು ಅದರ ಮೇಲೆ. ಹದಿನೈದು ನಿಮಿಷವಾದ ಮೇಲೆ ಅವರು ಸುಸ್ತಾದ ದನಿಯಲ್ಲಿ, "ಮಗು ಚೆನ್ನಾಗಿರೋವರೆಗೆ ಕಾಯ್ತೀನಿ. ಬೇಡ ಅಂದಿದ್ದು ನೀವು ಅಂತ ಬರೆದುಕೊಡಿ," ಎಂದರು.

ಭಾವನಿಗೆ ಫೋನ್ ಮಾಡಿದೆ. ಆ ವಾರ ಅವರಿಗೆ ಎರಡನೇ ಪಾಳಿ, ಹಿಂದೆ ಯಂತ್ರಗಳ ಸದ್ದು. "ದುಡ್ಡಿಗೋಸ್ಕರ ಕೊಯ್ತೀವಿ ಅಂತಿದ್ದಾರೆ ಭಾವ, ನಾನು ಬೆಳಿಗ್ಗೆವರೆಗೆ ತಡೆದಿದ್ದೀನಿ," ಎಂದೆ.

"ನೀ ಓದಿದಾಕಿ. ನೀ ಹ್ಯಾಂಗ ಅಂತಿ ಹಂಗ," ಎಂದರು.

ಕಾಗದ ಬರೆದದ್ದು ನಾನೇ, ಇಂಗ್ಲಿಷಿನಲ್ಲಿ, ಅರ್ಧ ಪುಟ. ಸೋಂಕಿನ ಅಪಾಯವನ್ನು ನಮಗೆ ವಿವರಿಸಲಾಗಿದೆ, ತಿಳಿದೇ ಕಾಯಲು ಒಪ್ಪಿದ್ದೇವೆ ಎಂಬ ಅರ್ಥದ್ದು. ಒಂದು ಅಕ್ಷರವನ್ನೂ ಹೊಡೆದುಹಾಕಬೇಕಾಗಿ ಬರಲಿಲ್ಲ. ಅಕ್ಕ ಎರಡು ನೋವುಗಳ ನಡುವೆ ಸಹಿ ಹಾಕಿದಳು.

ಬೆಳಗಾಗುವುದರೊಳಗೆ ಡ್ಯೂಟಿ ಡಾಕ್ಟರು ಮತ್ತೆ ನಾಲ್ಕು ಸಲ ಒಳಪರೀಕ್ಷೆ ಮಾಡಿದ್ದರು. ಬಾಯಿ ಐದಕ್ಕೆ ಹೋಗಿ ಮತ್ತೆ ನಿಂತಿತ್ತು. ಮಂಗಳವಾರ ಏಳೂವರೆ ಹೊತ್ತಿಗೆ ಅಕ್ಕನ ಮೈ ಸ್ವಲ್ಪ ಬಿಸಿಯಾಯಿತು, ಮಗುವಿನ ಎದೆಬಡಿತ ಜೋರಾಯಿತು. ಆಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸ್ಟ್ರೆಚರ್ ಓಡಿಸಿಕೊಂಡು ಹೋದರು. ಎಂಟು ಗಂಟೆ ದಾಟುತ್ತಿದ್ದಂತೆ ಹೆಣ್ಣುಮಗು, ಜೋರಾಗಿ ಅತ್ತಿತು. ನನಗೆ ನಾಚಿಕೆಯಾಯಿತೇ? ಇಲ್ಲ. ಆಗುವಷ್ಟು ಪ್ರಯತ್ನ ಮಾಡಿದೆವು ಎಂದುಕೊಂಡೆ. ಸೋತ ಚರ್ಚೆಯಿಂದಲೂ ಉತ್ತಮ ವಾಗ್ಮಿ ಪ್ರಶಸ್ತಿ ತಂದುಕೊಂಡವಳ ಸಮಾಧಾನ.

ಶನಿವಾರ ಮನೆಗೆ ಬಂದೆವು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ, ಜ್ವರ ಬಂದರೆ, ಹೊಲಿಗೆ ಕೆಂಪಾದರೆ, ಕೀವು ಬಂದರೆ, ಕೆಟ್ಟ ವಾಸನೆಯಿದ್ದರೆ, ಕೆಳಹೊಟ್ಟೆ ನೋವು ಹೆಚ್ಚಾದರೆ ಕೂಡಲೇ ಬನ್ನಿ ಎಂದು ಬರೆದಿತ್ತು. ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದವಳೂ ನಾನೇ.

ಬಾಣಂತನ ಶುರುವಾಯಿತು. ಕಿಟಕಿ ಮುಚ್ಚಿ, ಅಕ್ಕನ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು ಕೂರಿಸಿದರು. ಹಳೇ ಕಾಟನ್ ಸೀರೆ ಹರಿದು ಹೊಟ್ಟೆ ಕಟ್ಟಲು ಅಮ್ಮ ಬಂದಾಗ ನಾನು ಅಡ್ಡ ನಿಂತೆ. ಹೊಲಿಗೆಯ ಮೇಲೆ ಬಿಗಿಯುವಂತಿಲ್ಲ ಎಂದೆ, ಗೆದ್ದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಅರ್ಧ ಲೋಟ ಕೊಡುತ್ತಿದ್ದಳು. ದೊಡ್ಡ ಬಾಟಲಿ ತುಂಬಿ ಮಂಚದ ಪಕ್ಕ ಇಟ್ಟೆ, ಅಲ್ಲೂ ಗೆದ್ದೆ. ಸಾಂಬ್ರಾಣಿ ಹೊಗೆಯೊಂದನ್ನು ಬಿಡಿಸಲಾಗಲಿಲ್ಲ. ಬೆಳಿಗ್ಗೆ ಸಂಜೆ ಮಗುವಿಗೆ ಎರೆದ ಮೇಲೆ ಅಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೋಣೆಯೆಲ್ಲ ತುಂಬುತ್ತಿದ್ದಳು. ಆ ಮುಚ್ಚಿದ ಕೋಣೆಯಲ್ಲಿ ಬೇರೆ ಯಾವ ವಾಸನೆಗೂ ಜಾಗವಿರಲಿಲ್ಲ. ಅಮ್ಮನ ಕಾರಣ ಇದು.

ಭಾನುವಾರ ಸಂಜೆ ಅಕ್ಕ ನಡುಗಲು ಶುರುಮಾಡಿದಳು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ಹಾಲು ಕಟ್ಟಿದೆ ಕಣೇ, ಅದರ ಜ್ವರ," ಎಂದಳು ಅಮ್ಮ.

"ಇರಬಹುದು," ಎಂದೆ ನಾನು.

ಅಕ್ಕ ಕಂಬಳಿಯೊಳಗಿನಿಂದ ನಮ್ಮಿಬ್ಬರನ್ನೂ ನೋಡಿದಳು. "ಏನು, ನೀವಿಬ್ರೂ ಒಂದೇ ಮಾತು ಹೇಳ್ತಿದ್ದೀರಾ? ಹಾಗಾದ್ರೆ ನಾನ್ ಸಾಯ್ತೀನಿ ಬಿಡು."

ಮೂವರೂ ನಕ್ಕೆವು.

ಯಾಕೆ ಒಪ್ಪಿದೆ? ಇಪ್ಪತ್ತೆರಡು ವರ್ಷ ಅಮ್ಮನ ಯಾವ ಮಾತನ್ನೂ ಪುರಾವೆಯಿಲ್ಲದೆ ಬಿಟ್ಟವಳಲ್ಲ ನಾನು. ಆವತ್ತು ಫೋನಿನಲ್ಲಿ ಹುಡುಕಿದ್ದೂ ಹೌದು. ಆದರೆ ನಾನು ಬರೆದು ಹುಡುಕಿದ್ದು 'ಸಿಸೇರಿಯನ್ ಆದ ಮೇಲೆ ಜ್ವರ' ಎಂದಲ್ಲ. 'ಹಾಲು ಕಟ್ಟಿದರೆ ಜ್ವರ ಬರುತ್ತದೆಯೇ' ಎಂದು. ಬರುತ್ತದೆ ಎಂದಿತು. ಫೋನ್ ಕೆಳಗಿಟ್ಟೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಬರುವ ಉತ್ತರದಲ್ಲಿ, ನೀರು ಒಡೆದ ಮೇಲೆ ಎಷ್ಟು ಹೊತ್ತು ಕಾದಿರಿ ಎಂಬ ಮಾತು ಇರುತ್ತದೆಂದು ನನಗೆ ಗೊತ್ತಿತ್ತು. ನನ್ನ ಕಾರಣ ಇದು. ಜ್ವರದ ಮಾತ್ರೆ ಕೊಟ್ಟೆ, ಇಳಿಯಿತು. ಸೋಮವಾರ ಮತ್ತೆ ಬಂತು, ಮತ್ತೆ ಕೊಟ್ಟೆ.

ಮಂಗಳವಾರ ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಭಾವ ಬಂದರು. ದಿನವೂ ಬಂದು ಹೊರಗಿನ ಕೋಣೆಯಲ್ಲಿ ಕೂತು ಹೋಗುತ್ತಿದ್ದರು. ಹನ್ನೊಂದು ದಿನ ಪುರುಡು, ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ ಎಂಬುದು ಅಮ್ಮನ ಕಾನೂನು. ಆವತ್ತು ನನಗೆ ರೇಗಿತು.

"ಅವಳ ಗಂಡನೇ ಒಳಗೆ ಹೋಗಬಾರ್ದಾ? ಮೈಲಿಗೆ ಅಂತೆ. ಯಾರಿಗೆ ಏನಾಗುತ್ತೆ, ತೋರ್ಸಮ್ಮ ನೋಡೋಣ."

"ಅಳಿಯಂದ್ರೇ, ನೀವು ಇವಳ ಮಾತು ಕೇಳ್ಬೇಡಿ..."

ನಾನು ಅವರ ಬೆನ್ನಿಗೆ ಕೈಕೊಟ್ಟು ಒಳಗೆ ತಳ್ಳಿದೆ. ಎರಡು ಹೆಜ್ಜೆ ಇಟ್ಟವರು ನಿಂತರು.

"ಏನ್ ನಾತ ಇದು?"

"ಸಾಂಬ್ರಾಣಿ," ಎಂದಳು ಅಮ್ಮ ಬಾಗಿಲಿಂದಲೇ.

"ಸಾಂಬ್ರಾಣಿ ನನಗ ಗೊತ್ತಿಲ್ಲೇನ್ರಿ ಅತ್ತಿ? ಅದರ ಕೆಳಗ ಏನೋ ಐತಿ."

ನೈಟಿ ಸರಿಸಿ ನೋಡಿದೆ. ಹೊಲಿಗೆಯ ಬಲತುದಿ ಕೆಂಪಾಗಿ ಉಬ್ಬಿತ್ತು, ಹತ್ತಿ ಒದ್ದೆಯಾಗಿ ಹಳದಿಯಾಗಿತ್ತು. ಹೊಟ್ಟೆ ಮುಟ್ಟಿದರೆ ಅಕ್ಕ ಕಿರುಚಿದಳು.

"ವಾಸ್ನೆ ನಂಗೆ ನಿನ್ನೆಯಿಂದಾನೇ ಗೊತ್ತಿತ್ತು," ಎಂದಳು. "ಬಾಣಂತಿ ಮೈ ಹೀಗೇ ಇರುತ್ತೇನೋ ಅಂತ ಸುಮ್ನಿದ್ದೆ."

ನನ್ನ ವಿಚಾರವಾದಕ್ಕೆ ಆ ವಾರದಲ್ಲಿ ಸಲ್ಲಬೇಕಾದ ಮರ್ಯಾದೆ ಏನಾದರೂ ಇದ್ದರೆ ಆ ಒಂದು ತಳ್ಳುವಿಕೆಗೆ ಸಲ್ಲಬೇಕು. ಪುರುಡು ಮುಗಿಯಲಿ ಎಂದು ಇನ್ನೂ ನಾಲ್ಕು ದಿನ ಕಾದಿದ್ದರೆ ಇದನ್ನು ಬರೆಯುವ ರೀತಿ ಬೇರೆಯಾಗಿರುತ್ತಿತ್ತು.

ಆಟೋದಲ್ಲಿ ಅಕ್ಕನ ತಲೆ ನನ್ನ ಭುಜದ ಮೇಲಿತ್ತು. ಮಹಾಲಕ್ಷ್ಮಿ ಲೇಔಟ್ ಸಿಗ್ನಲ್ಲಿನಲ್ಲಿ ನಿಂತಾಗ ಅವಳು ನನ್ನ ಹೆಸರು ಹಿಡಿದು ಕರೆದು, ಆಮೇಲೆ ಅಪ್ಪನನ್ನು ಕರೆದಳು. ನಾನು ಡ್ರೈವರಣ್ಣನಿಗೆ ಸಿಗ್ನಲ್ ಹಾರಿಸಿ ಎಂದು ಕೂಗಿದೆ. ಅವರು ಹಾರಿಸಿದರು.

ಅದೇ ಡಾಕ್ಟರು. ಹೊಟ್ಟೆ ಒತ್ತಿದರು, ನಾಡಿ ನೋಡಿದರು, ನರ್ಸಿಗೆ ಒಂದೇ ಉಸಿರಿಗೆ ಆರೇಳು ಮಾತು ಹೇಳಿದರು. ಅಕ್ಕನನ್ನು ಐಸಿಯುಗೆ ತೆಗೆದುಕೊಂಡು ಹೋದರು. ಬಿಪಿ ಇಳಿಯುತ್ತಿದೆ, ಸೋಂಕು ಹೊಲಿಗೆಯಲ್ಲಿ ಮಾತ್ರ ಅಲ್ಲ, ಗರ್ಭಕೋಶದಲ್ಲೂ ಇದೆ ಎಂದು ಹೇಳಿದ್ದು ಒಂದು ಗಂಟೆಯ ಮೇಲೆ. ನಿಮ್ಮಕ್ಕ ಉಳಿಯುತ್ತಾಳೆ ಎಂದು ಹೇಳಲಿಲ್ಲ. ನಾನು ಎರಡು ಸಲ ಕೇಳಿದೆ. ಎರಡೂ ಸಲ, "ಔಷಧಿ ಶುರು ಮಾಡಿದ್ದೀವಿ," ಎಂದಷ್ಟೇ ಹೇಳಿದರು.

ಬುಧವಾರವೂ ಜ್ವರ ಇಳಿಯಲಿಲ್ಲ. ಡಾಕ್ಟರು ಕಾರಿಡಾರಿನಲ್ಲಿ ನಿಂತರು. ಅಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ನನ್ನ ಹಿಂದೆ ನಿಂತಿದ್ದಳು. ಯಾಕೆ ಹೀಗಾಯಿತು ಎಂದು ಕೇಳಿದವಳು ನಾನು. ಅವರು ಕೋಪವಿಲ್ಲದೆ ಹೇಳಿದರು. ನೀರು ಒಡೆದು ಬಹಳ ಹೊತ್ತಾಗಿತ್ತು. ನೋವು ಉದ್ದಕ್ಕೂ ಎಳೆಯಿತು. ಪದೇ ಪದೇ ಕೈ ಹಾಕಿ ನೋಡಬೇಕಾಯಿತು, ಪ್ರತಿಯೊಂದು ಸಲವೂ ಕ್ರಿಮಿ ಮೇಲೆ ಹೋಗುವ ಸಂಭವವಿರುತ್ತದೆ. ಯೋಚಿಸಿ ಮಾಡಿದ ಸಿಸೇರಿಯನ್ ಅಲ್ಲ, ಅವಸರಕ್ಕೆ ಮಾಡಿದ್ದು. ರಕ್ತ ಕಡಿಮೆ, ಮೈಗೆ ಎದುರಿಸುವ ಶಕ್ತಿ ಕಡಿಮೆ. ಕೊಯ್ಯುವ ಮೊದಲು ಕೊಡಬೇಕಾದ ಆ್ಯಂಟಿಬಯಾಟಿಕ್ ಕೊಟ್ಟಿದ್ದೆವು, ಆದರೂ ಆಯಿತು.

"ಇದ್ರಲ್ಲಿ ಯಾವುದ್ರಿಂದ?" ಎಂದೆ.

"ಇದೇ ಅಂತ ಹೇಳೋಕಾಗಲ್ಲ. ಎಲ್ಲ ಸೇರಿ. ಏನೂ ಇಲ್ದೋರಿಗೂ ಒಮ್ಮೊಮ್ಮೆ ಆಗುತ್ತೆ, ಎಲ್ಲಾ ಇದ್ದೋರಿಗೆ ಆಗದೇನೂ ಇರುತ್ತೆ."

ನನ್ನ ಎದೆಯಲ್ಲಿ ಏನೋ ಸಡಿಲವಾಯಿತು. ಹೇಳಲು ನಾಚಿಕೆ, ಆದರೆ ಹೇಳದಿದ್ದರೆ ಇಷ್ಟೆಲ್ಲ ಬರೆದು ಏನು ಪ್ರಯೋಜನ? ಕಾರಣ ಸಾಬೀತಾಗಿಲ್ಲ. ಸಂಶಯದ ಲಾಭ ಆರೋಪಿಗೆ. ಗಾಜಿನ ಆಚೆ ಅಕ್ಕನ ಬಾಯಿಗೆ ಆಕ್ಸಿಜನ್ ಹಾಕಿದ್ದಾರೆ, ಈಚೆ ನಾನು ನನ್ನ ಪರವಾಗಿ ವಾದ ಮಂಡಿಸುತ್ತಿದ್ದೇನೆ.

ಆಗ ಅಮ್ಮ ಹಿಂದಿನಿಂದ, ಕೇಳಿಸಿತೋ ಇಲ್ಲವೋ ಎಂಬಂಥ ದನಿಯಲ್ಲಿ, "ನಾನು ತಲೆಸ್ನಾನ ಮಾಡ್ಸಿದ್ದಕ್ಕಾ ಡಾಕ್ಟ್ರೇ?" ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನೇ ಹೇಳಬೇಕಿತ್ತು. ಅಲ್ಲಮ್ಮ, ನೀನು ಕಳೆದದ್ದು ಎರಡೂವರೆ ಗಂಟೆ, ನಾನು ಒಂದು ಇಡೀ ರಾತ್ರಿ ಕಳೆದೆ ಎನ್ನಬೇಕಿತ್ತು. ಅಮ್ಮ ಮಗುವಿನ ತಲೆಯ ಮೇಲೆ ಗಲ್ಲ ಇಟ್ಟುಕೊಂಡು ಬೆಂಚಿಗೆ ಹೋಗಿ ಕೂತಳು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಭಾವ ನನಗಾಗಿ ಕಾಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ಮುಂದೆ ಇಟ್ಟುಕೊಂಡ ಟೀ ಕೆನೆಗಟ್ಟಿತ್ತು.

"ನಮ್ ಹುಡುಗ್ರಿಗೆ ಹೇಳೀನಿ. ಹತ್ ಮಂದಿ ಬರ್ತಾರ. ಇವ್ರು ಏನ್ ಆಟ ಆಡ್ಲಿಕ್ಕತ್ಯಾರ? ಕೊಯ್ದು ಮನಿಗಿ ಕಳಿಸಿ, ಈಗ ನಂಜು ಅಂತಾರ. ನೀ ಕಂಪ್ಲೇಂಟ್ ಬರಿ. ಕೋರ್ಟಿಗಿ ಹೋಗೂಣು. ನೀ ಇದ್ದಿಯಲ್ಲ."

ನಾನು ಪೆನ್ ತೆಗೆದೆ. ಯಾಕೆ ಎಂದು ಕೇಳಬೇಡಿ. ಏನಾದರೂ ಬರೆಯುತ್ತಿದ್ದರೆ ಗಾಜಿನ ಆಚೆಗಿನದನ್ನು ಯೋಚಿಸಬೇಕಾಗಿರಲಿಲ್ಲ. ಲ್ಯಾಬ್ ರಸೀದಿಯ ಹಿಂಬದಿಯಲ್ಲಿ ಬರೆಯುತ್ತ ಹೋದೆ. ಎಷ್ಟು ಚೆನ್ನಾಗಿ ಬಂತೆಂದರೆ, ಅದನ್ನು ಓದಿದ ಯಾರಿಗಾದರೂ ಆ ಡಾಕ್ಟರ ಮೇಲೆ ರಕ್ತ ಕುದಿಯಬೇಕು. ಮೂರನೇ ಪ್ಯಾರಾದಲ್ಲಿ ಕೈ ತಾನಾಗಿ ಬರೆಯಿತು: 'ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡದೆ ವಿಳಂಬಿಸಿದ್ದರಿಂದ'.

ಅಲ್ಲಿ ನಿಂತೆ. ವಾಕ್ಯ ನಿಜವೇ ಆಗಿತ್ತು. ಕರ್ತೃಪದ ಮಾತ್ರ ಇರಲಿಲ್ಲ.

"ಭಾವ, ಸಿಸೇರಿಯನ್ ಸೋಮವಾರ ಸಂಜೆನೇ ಮಾಡ್ತೀನಿ ಅಂದ್ರು ಅವ್ರು."

"ಗೊತ್ತೈತಿ. ನೀ ತಡದಿ. ರೊಕ್ಕದ ಸಲುವಾಗಿ ಅಂದಿ."

"ದುಡ್ಡಿನ ಮಾತು ಅವ್ರು ಎತ್ತಲೇ ಇಲ್ಲ. ಅದು ನಾನು ಸೇರ್ಸಿದ್ದು. ಲೇಟ್ ಮಾಡಿದ್ರೆ ಇನ್‌ಫೆಕ್ಷನ್ ಆಗ್ಬೋದು ಅಂದ್ರು. ಬೇಡ ಅಂತ ಬರೆದುಕೊಟ್ಟಿದ್ದು ನಾನು. ಫೈಲಲ್ಲಿದೆ."

ಅವರು ಟೀ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಸರಿಸಿದರು, ಮತ್ತೆ ಇದ್ದ ಕಡೆಗೇ ತಂದರು.

"ಇನ್‌ಫೆಕ್ಷನ್ ಆಗ್ತೈತಿ ಅಂತ ಡಾಕ್ಟ್ರು ನಿನಗ ಹೇಳಿದ್ರು."

"ಹೇಳಿದ್ರು."

"ಫೋನ್‌ನ್ಯಾಗ ನನಗ ಅದನ್ನ ಹೇಳಿದ್ಯಾ?"

"ಇಲ್ಲ."

"ಯಾಕ?"

"ಹೇಳಿದ್ರೆ ನೀವು ಹೂಂ ಅಂತಿರ್ಲಿಲ್ಲ."

ಅವರು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ರಸೀದಿಯನ್ನು ಎತ್ತಿ, ನಾನು ಬರೆದದ್ದನ್ನು ಒಂದೊಂದೇ ಪದ ತುಟಿ ಅಲ್ಲಾಡಿಸುತ್ತ ಕೊನೆಯವರೆಗೂ ಓದಿದರು.

"ಭಾರಿ ಬರೀತಿ ಬಿಡವ್ವ," ಎಂದರು. "ನನ್ ಹೇಣ್ತಿ ಸತ್ರ ಹಿಂಗ ಚಂದಾಗಿ ಒಂದು ಬರದು ಕೊಡು." ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು. ಹೊರಗೆ ನಿಂತು ಫೋನ್ ಮಾಡುತ್ತಿದ್ದದ್ದು ಕೇಳಿಸಿತು: "ಬರಬ್ಯಾಡ್ರಿ... ಏ ಇಲ್ಲೋ, ಬರಬ್ಯಾಡ್ರಿ ಅಂದ್ನಲ್ಲ. ತಪ್ಪು ನಮ್ಮದ ಐತಿ."

ನಮ್ಮದು ಎಂದರು. ಅವಳದು ಎನ್ನಲಿಲ್ಲ. ಅದನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ.

ಅಮ್ಮನ ಬಳಿ ಹೋದೆ. ಬೆಂಚಿನ ಮೇಲೆ ಕೂತು ಮಗುವಿಗೆ ಬಾಟಲಿಯ ಹಾಲು ಕುಡಿಸಲು ಹೆಣಗುತ್ತಿದ್ದಳು. ಪಕ್ಕದಲ್ಲಿ ಕೂತು, ಸ್ನಾನದಿಂದಲ್ಲ ಎಂದು, ಎಲ್ಲವನ್ನೂ ಹೇಳಿದೆ. ಅಮ್ಮ ಮಗುವಿನ ಬಾಯಿ ಒರೆಸಿದಳು. ಆಮೇಲೆ, "ನಿನ್ ಮಾತು ಕೇಳ್ದೆ ನಾನು. ನಾನ್ ಹೆತ್ತೋಳು, ಆ ಡಾಕ್ಟ್ರಮ್ಮ ಇನ್ನೊಬ್ಬ ಹೆತ್ತೋಳು ಹೇಳ್ತಿದ್ರೂ ನಿನ್ ಮಾತು ಕೇಳ್ದೆ," ಎಂದು ಬಾಟಲಿಯನ್ನು ನನ್ನ ಕೈಗೆ ತುರುಕಿದಳು. "ಹಿಡ್ಕೋ. ಓರೆಯಾಗಿ. ಗಾಳಿ ಹೋಗದ ಹಾಗೆ."

ಗುರುವಾರ ಬೆಳಿಗ್ಗೆ ಡಾಕ್ಟರು ಭಾವನನ್ನೂ ನನ್ನನ್ನೂ ಒಳಗೆ ಕರೆದರು. ಔಷಧಿಗೆ ಬಗ್ಗುತ್ತಿಲ್ಲ, ಸ್ಕ್ಯಾನಿನಲ್ಲಿ ಕೀವು ಕಾಣುತ್ತಿದೆ, ಹೊಟ್ಟೆ ಮತ್ತೆ ತೆರೆದು ತೊಳೆಯಬೇಕು. ಗರ್ಭಕೋಶ ತುಂಬ ಹಾಳಾಗಿದ್ದರೆ ತೆಗೆಯಬೇಕಾಗಬಹುದು. ತೆಗೆಯದಿದ್ದರೆ ಜೀವಕ್ಕೆ ಅಪಾಯ.

ಭಾವ ನನ್ನ ಕಡೆ ತಿರುಗಿದರು. ಅಭ್ಯಾಸಬಲದಿಂದಲೋ ಏನೋ. ನನ್ನ ಬಾಯಿಂದ ಒಂದೇ ಒಂದು ಪ್ರಶ್ನೆ ಬಂತು.

"ಎಷ್ಟು ಬೇಗ ಮಾಡ್ತೀರಾ?"

"ಈಗ್ಲೇ."

ಭಾವ ಸಹಿ ಹಾಕಿದರು. ಅವರ ಹೆಬ್ಬೆರಳಿನ ಉಗುರ ಸುತ್ತ ಯಂತ್ರದ ಎಣ್ಣೆಯ ಕಪ್ಪು ಗೆರೆ ಇತ್ತು. ಅವರು ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒರೆಸಿಕೊಂಡು ಹಾಳೆ ಮುಟ್ಟಿದರು.

ಎರಡು ಗಂಟೆ ಇಪ್ಪತ್ತು ನಿಮಿಷ. ನನಗೆ ಪ್ರಾರ್ಥನೆ ಬರುವುದಿಲ್ಲ. ನಂಬಿಕೆಯಿಲ್ಲದವರಿಗೆ ಅಂಥ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ ಎಂಬುದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಅಮ್ಮ ಸೆರಗಿನ ತುದಿಗೆ ನಾಣ್ಯ ಕಟ್ಟಿಕೊಂಡು ಹರಕೆ ಹೊತ್ತಳು, ಭಾವ ಗೋಡೆಗೆ ಹಣೆ ಇಟ್ಟು ನಿಂತರು. ನಾನು ಮಗುವನ್ನು ಹಿಡಿದುಕೊಂಡು ಕಾರಿಡಾರಿನ ಆ ತುದಿಗೂ ಈ ತುದಿಗೂ ನಡೆದೆ. ಅಕ್ಕ ಸತ್ತರೆ ಈ ಮಗುವಿಗೆ ಯಾವ ವಯಸ್ಸಿನಲ್ಲಿ ಹೇಳಬೇಕು, ಯಾವ ವಾಕ್ಯದಿಂದ ಶುರುಮಾಡಬೇಕು ಎಂದು ಯೋಚಿಸುತ್ತಿದ್ದೆ. ಒಂದು ವಾಕ್ಯವೂ ಸಿಗಲಿಲ್ಲ.

ಡಾಕ್ಟರು ಟೋಪಿ ತೆಗೆಯುತ್ತ ಹೊರಗೆ ಬಂದರು. "ಗರ್ಭಕೋಶ ಬಿಟ್ಟಿದ್ದೀವಿ. ತೊಳೆದಿದ್ದೀವಿ. ಮೇಲಿನ ಗಾಯ ಹೊಲಿದಿಲ್ಲ, ತೆರೆದೇ ಇಟ್ಟಿದ್ದೀವಿ. ಒಳಗಿಂದ ತಾನಾಗಿ ತುಂಬ್ಕೊಂಡು ಬರಬೇಕು. ಇನ್ನೆರಡು ದಿನ ನೋಡ್ಬೇಕು."

ಜ್ವರ ಶನಿವಾರ ಇಳಿಯಿತು. ಸೋಮವಾರ ಅಕ್ಕನನ್ನು ವಾರ್ಡಿಗೆ ತಂದರು. ಕೆನ್ನೆ ಒಳಹೋಗಿತ್ತು. ಎದೆಯ ಹಾಲು ಬತ್ತಿತ್ತು. ಮಗು ಅವಳ ಮಡಿಲಲ್ಲಿ ಬಾಟಲಿ ಬೇಕೆಂದು ಅತ್ತಾಗ ಅವಳೂ ಅತ್ತಳು. ಮುಂದಿನ ಹೆರಿಗೆಯ ಬಗ್ಗೆ ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅದನ್ನು ಅಕ್ಕ ತಾರಸಿ ನೋಡುತ್ತ ಕೇಳಿಸಿಕೊಂಡಳು.

ಗಾಯಕ್ಕೆ ದಿನವೂ ಡ್ರೆಸ್ಸಿಂಗ್ ಆಗಬೇಕಿತ್ತು. ಮನೆಗೆ ಕಳಿಸುವ ಮುಂಚೆ ನರ್ಸ್ ನನಗೆ ಕಲಿಸಿದರು. ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆಯುವುದು, ಗ್ಲೌಸ್ ಹಾಕುವುದು, ಹಳೇ ಬಟ್ಟೆಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸುವುದು, ಸ್ವಚ್ಛ ಕಡ್ಡಿಯಿಂದ ಆಳ ನೋಡುವುದು, ಹೊಸ ಪಟ್ಟಿಯನ್ನು ಬಿಗಿಯದೆ ತುಂಬುವುದು. ಈಗ ದಿನವೂ ಬೆಳಿಗ್ಗೆ ಎಂಟಕ್ಕೆ ನಾನು ಮಾಡುವುದು ಇದನ್ನೇ. ಕಿಟಕಿ ತೆರೆದಿರುತ್ತದೆ. ಅಮ್ಮ ಬಿಸಿನೀರು ಕಾಯಿಸಿ ಕೊಡುತ್ತಾಳೆ. ಭಾವ ಬಂದರೆ ಅಕ್ಕನ ಜೊತೆ, ಅಮ್ಮನ ಜೊತೆ ಮಾತಾಡುತ್ತಾರೆ. ನನ್ನ ಜೊತೆ ಇಲ್ಲ.

ಮೊದಲ ವಾರದಲ್ಲಿ ಒಂದು ದಿನ ಪಟ್ಟಿ ಬಿಡಿಸುವಾಗ ಅದನ್ನು ಜೋರಾಗಿ ಎಳೆದುಬಿಟ್ಟೆ. ಕ್ಷಮಿಸು ಎಂದೆ. ನನ್ನಿಂದ ಆಯಿತು, ಎಲ್ಲ ನನ್ನಿಂದ ಎಂದು ಅಳಲು ಶುರುಮಾಡಿದೆ.

"ಮೊದ್ಲು ಕೈ ಸರಿಯಾಗಿ ಹಿಡ್ಕೋ," ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ನೀನ್ ಬರೆದೆ, ನಾನ್ ಸೈನ್ ಹಾಕ್ದೆ. ಕೊಯ್ಸ್ಕೊಳ್ಳೋಕೆ ನಂಗೆ ಭಯ ಆಗಿತ್ತು ಕಣೇ. ನೀನ್ ಬೇಡ ಅಂದಿದ್ದು ನಂಗೂ ಬೇಕಾಗಿತ್ತು. ಇದ್ರಲ್ಲೂ ನಿಂಗೇ ಫಸ್ಟ್ ಪ್ರೈಜ್ ಬೇಕಾ?"

ನಾನು ಹೊಸ ಪಟ್ಟಿ ಕೈಗೆತ್ತಿಕೊಂಡೆ. ಉತ್ತರ ಇತ್ತು. ಅವಳು ಹೇಳಿದ್ದು ವಾದಕ್ಕೆ ನಿಲ್ಲುವುದಿಲ್ಲ. ಭಯಪಟ್ಟವಳದೂ ಭಯವನ್ನು ಬಳಸಿಕೊಂಡವಳದೂ ಒಂದೇ ತಪ್ಪಲ್ಲ. ಆದರೆ ಹೊಟ್ಟೆ ತೆರೆದು ಮಲಗಿದವಳ ಎದುರು ಅದನ್ನು ಗೆದ್ದು ಏನು ಮಾಡಲಿ?

ಇವತ್ತು ಬೆಳಿಗ್ಗೆಯೂ ಕಡ್ಡಿ ಇಳಿಸಿ ನೋಡಿದೆ. ನಾನು ಡ್ರೆಸ್ಸಿಂಗ್ ಶುರುಮಾಡಿದ ಹದಿನಾರನೇ ದಿನ. ಅಕ್ಕ ತಲೆದಿಂಬಿನಿಂದ ಕತ್ತೆತ್ತಿ, "ಎಷ್ಟಿದೆ?" ಎಂದಳು. ಕಮ್ಮಿಯಾಗಿದೆ ಎಂದರೆ ಅವಳ ಮುಖ ಅರಳುತ್ತಿತ್ತು. ಕಡ್ಡಿಯ ಮೇಲಿನ ಒದ್ದೆ ಗುರುತನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದೆ.

"ನಿನ್ನೆಯಷ್ಟೇ ಇದೆ ಅಕ್ಕ. ಒಂಚೂರೂ ತುಂಬಿಲ್ಲ."

"ವಾಸ್ನೆ?"

ಬಗ್ಗಿ ಮೂಗು ಹತ್ತಿರ ತಂದೆ. ಇನ್ನೊಮ್ಮೆ ಉಸಿರೆಳೆದು ನೋಡಿದೆ.

"ಇಲ್ಲ."

"ಸರಿ ಹಾಗಾದ್ರೆ, ಮುಚ್ಚು. ಮಗು ಎದ್ದಿದೆ," ಎಂದಳು.